ಪುಢಾರಿ ಎಂಬ ಬೈಗುಳ

ನಮ್ಮ ಮನೆಯಲ್ಲಿ ಬೈಗುಳಕ್ಕೇನೂ ಬರವಿರಲಿಲ್ಲ. ಇಳಕಲ್ಲಿನ ನಮ್ಮ ಓಣಿಯಲ್ಲಿ ಮನೆಗೊಂದು ಮಗ್ಗ. ಅದರ ಸದ್ದಿನ ನಡುವೆ ಮಾತು ಕೇಳಿಸಬೇಕೆಂದರೆ ಗಂಟಲು ಹರಿದುಕೊಳ್ಳಬೇಕು, ಗಂಟಲು ಹರಿದುಕೊಂಡು ಆಡುವವರ ಬಾಯಿಗೆ ನಯದ ಮಾತು ಒಗ್ಗುವುದಿಲ್ಲ. ನಮ್ಮಜ್ಜಿ ಬೆಕ್ಕಿಗೆ ಬೈಯುತ್ತಿದ್ದಳು, ನೀರು ಬಾರದ ನಳಕ್ಕೆ ಬೈಯುತ್ತಿದ್ದಳು, ಬೈಯಲು ಯಾರೂ ಸಿಗದ ದಿನ ತನ್ನ ಮೊಣಕಾಲಿಗೇ ಬೈದುಕೊಳ್ಳುತ್ತಿದ್ದಳು. ಇಂಥ ಮನೆಯಲ್ಲಿ ಒಂದು ಮಾತನ್ನು ಮಾತ್ರ ಯಾರೂ ಆಡುತ್ತಿರಲಿಲ್ಲ. ನೋಡಹೋದರೆ ಅದು ಬೈಗುಳವೂ ಅಲ್ಲ. ಪುಢಾರಿ ಎಂಬ ಶಬ್ದ.

ಅವ್ವನ ಎದುರು ಅದನ್ನು ಆಡಿದರೆ ಏನಾಗುತ್ತದೆ ಎಂಬುದು ನಮಗೆಲ್ಲ ಗೊತ್ತಿತ್ತು. ಅವ್ವ ಸಿಟ್ಟಾಗುತ್ತಿರಲಿಲ್ಲ, ಅಳುತ್ತಿರಲಿಲ್ಲ. ಮಾತು ನಿಲ್ಲಿಸುತ್ತಿದ್ದಳು, ಅಷ್ಟೇ. ಬೆಳಗಿನಿಂದ ಸಂಜೆಯವರೆಗೆ ಮಾತಾಡುವ ಹೆಂಗಸು ಬಾಯಿ ಮುಚ್ಚಿಕೊಂಡು ರೊಟ್ಟಿ ಬಡಿಯುತ್ತಿದ್ದರೆ ಆ ರೊಟ್ಟಿ ನಮ್ಮ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹಾಗಾಗಿ ಅಪ್ಪ ಪೇಪರನ್ನು ಗಟ್ಟಿಯಾಗಿ ಓದಿ ಹೇಳುವಾಗಲೂ ಆ ಶಬ್ದ ಬಂದಲ್ಲಿ ಕೆಮ್ಮಿ ಮುಂದಿನ ಸಾಲಿಗೆ ಹೋಗುತ್ತಿದ್ದ.

ಪುಢಾರಿ ಅಂದರೆ ನಮ್ಮ ಕಡೆ ಯಾರು ಎಂಬುದಕ್ಕೆ ನಿಘಂಟು ಬೇಕಿಲ್ಲ. ಹುನಗುಂದದ ತಹಶೀಲ ಕಚೇರಿಯ ಎದುರು ಚಹದಂಗಡಿಯ ಬಾಕಿನ ಮೇಲೆ ಕೂತಿರುತ್ತಾನಲ್ಲ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಗಲಲ್ಲಿ ಚರ್ಮದ ಪರ್ಸು, ಮೊಬೈಲಿನಲ್ಲಿ ‘ಸಾಹೇಬರ ಕೂಡ ಮಾತಾಡೇನಿ, ನೀ ಕಾಳಜಿ ಬಿಡು’ ಅನ್ನುತ್ತಿರುತ್ತಾನಲ್ಲ, ಅವನು. ಅವನ ಎದುರಿಗೆ ಯಾರೂ ಅವನನ್ನು ಪುಢಾರಿ ಅನ್ನುವುದಿಲ್ಲ, ಸಾಹುಕಾರ ಅನ್ನುತ್ತಾರೆ, ಅಣ್ಣಾರ ಅನ್ನುತ್ತಾರೆ. ಬೆನ್ನು ತಿರುಗಿದ ಮೇಲೆ ಪುಢಾರಿ. ಗೆಳೆಯರು ಗೆಳೆಯರಿಗೆ ಅಂದರೆ ಚಾಷ್ಟಿ, ಬರೀ ತಮಾಷೆ: ‘ಏನಲೇ ಪುಢಾರಿ, ಎಲ್ಲಿಗೆ ಹೊಂಟಿ ಸವಾರಿ?’ ಹೆಂಗಸಿಗೆ ಅಂದರೆ ಮಾತ್ರ ಅದು ಚಾಷ್ಟಿಯಾಗಿ ಉಳಿಯುವುದಿಲ್ಲ. ಮನೆ ಬಿಟ್ಟು ತಿರುಗುವವಳು, ಹಿರಿಯರ ಮಾತಿನ ನಡುವೆ ಬಾಯಿ ಹಾಕುವವಳು, ಗಂಡನನ್ನು ಹಿಂದೆ ಬಿಟ್ಟು ನಡೆಯುವವಳು, ಇಷ್ಟೆಲ್ಲ ಆ ಒಂದು ಶಬ್ದದಲ್ಲಿ ಬಂದುಬಿಡುತ್ತದೆ.

ನಾನು ಬಾಗಲಕೋಟೆಯ ಒಂದು ಕಾಲೇಜಿನಲ್ಲಿ ಕನ್ನಡ ಕಲಿಸುತ್ತೇನೆ. ನವನಗರದಲ್ಲಿ ಮನೆ. ಶಬ್ದಗಳ ಬೇರು ಹುಡುಕುವುದು ನನ್ನ ಹೊಟ್ಟೆಪಾಡು, ಚಟವೂ ಹೌದು. ನಾಯಕ ಎಂದರೆ ಕರೆದುಕೊಂಡು ಹೋಗುವವನು ಎಂದು ಹುಡುಗರಿಗೆ ಬರೆಸುತ್ತೇನೆ. ಧುರೀಣ ಎಂಬುದು ನೊಗಕ್ಕೆ ಸಂಬಂಧಪಟ್ಟ ಮಾತು, ಮೊದಲಿಗೆ ಎತ್ತಿಗೆ ಸಲ್ಲುತ್ತಿತ್ತು, ಭಾರ ಎಳೆಯಬಲ್ಲ ಎತ್ತಿಗೆ, ಅಂದರೆ ಹುಡುಗರು ನಗುತ್ತಾರೆ. ಬ್ಯಾನರಿನಲ್ಲಿ ಕೈ ಮುಗಿದು ನಿಂತ ಧುರೀಣರನ್ನೆಲ್ಲ ನೆನೆಸಿಕೊಳ್ಳುತ್ತಾರೋ ಏನೋ. ಬಾದಾಮಿ ಸುತ್ತಿನ ಹಳೆಯ ಶಾಸನಗಳಲ್ಲಿ ಗಾವುಂಡ ಎಂದಿರುವುದೇ ನಮ್ಮ ಗೌಡ. ಯಜಮಾನ ಎಂದರೆ ಯಜ್ಞ ಮಾಡಿಸುವವನು. ಈಗ ಅವನು ಬರೀ ಗಂಡ. ನಮ್ಮ ಮನೆಯ ಯಜಮಾನರಿಗೆ ಗ್ಯಾಸಿನ ಒಲೆ ಹಚ್ಚಲು ಬರುವುದಿಲ್ಲ, ಯಜ್ಞ ದೂರ ಉಳಿಯಿತು.

ಇವಕ್ಕೆಲ್ಲ ಹೆಣ್ಣುರೂಪ ಕೇಳಿದರೆ ಭಾಷೆಗೆ ತಡವರಿಕೆ ಶುರುವಾಗುತ್ತದೆ. ನಾಯಕಿ ಅಂದರೆ ಸಿನಿಮಾದವಳು. ಗೌಡತಿ ಅಂದರೆ ಗೌಡನ ಹೆಂಡತಿ. ಧುರೀಣೆ ಎಂಬುದನ್ನು ಪೇಪರಿನವರು ಬಿಟ್ಟರೆ ಯಾರೂ ಬಾಯಲ್ಲಿ ಆಡಿದ್ದನ್ನು ನಾನು ಕೇಳಿಲ್ಲ. ಮುಂದೆ ನಿಂತು ನಾಲ್ಕು ಜನರ ಕೆಲಸ ಮಾಡಿಸುವ ಹೆಂಗಸಿಗೆ ಮಾನದಿಂದ ಕರೆಯಲು ನಮ್ಮಲ್ಲಿ ಒಂದು ನೆಟ್ಟಗಿನ ಶಬ್ದವಿಲ್ಲ. ಇದರ ಮೇಲೆ ನನಗೆ ಸಿಟ್ಟಿದೆ.

ಇನ್ನು ಪುಢಾರಿ. ಅದು ಮರಾಠಿಯ ಮಾತು. ಪುಢೆ ಎಂದರೆ ಮುಂದೆ, ಪುಢಾರಿ ಎಂದರೆ ಮುಂದೆ ಇರುವವನು. ಆ ಕಡೆ ಅದು ಈಗಲೂ ಮಾನದ ಶಬ್ದ. ನಮ್ಮಲ್ಲಿಗೆ ಬರುತ್ತ ದಾರಿಯಲ್ಲಿ ಎಲ್ಲೋ ಅದರ ಮಾನ ಹೋಯಿತು. ಮಾತುಗಳಿಗೆ ಹೀಗಾಗುವುದು ಹೊಸದಲ್ಲ. ಇದನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ, ಅವ್ವನಿಗೆ ಮಾತ್ರ ಹೇಳಿರಲಿಲ್ಲ. ಆ ಶಬ್ದವನ್ನು ಮನೆಯಲ್ಲಿ ಎತ್ತುವಂತಿರಲಿಲ್ಲವಲ್ಲ.

ಅವ್ವ ನೇಕಾರರ ಮನೆಯ ಸೊಸೆಯಾಗಿ ಬಂದವಳು. ಸೀರೆಗೆ ಸೆರಗು ಕೂಡಿಸುವ ಕೊಂಡಿ ಹಾಕುವುದರಲ್ಲಿ ಅವಳ ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಓಣಿಯ ನಳಕ್ಕೆ ನೀರು ಬಾರದಿದ್ದರೆ ಹೆಂಗಸರನ್ನೆಲ್ಲ ಕಟ್ಟಿಕೊಂಡು ಪುರಸಭೆಗೆ ಹೋದವಳು ಅವಳೇ. ಯಾರದೋ ಮಗಳನ್ನು ಸಾಲಿ ಬಿಡಿಸುತ್ತಾರೆಂದು ಗೊತ್ತಾದರೆ ಅವರ ಅಡುಗೆಮನೆಗೇ ಹೋಗಿ ಕೂತು, ಅವರದೇ ಚಹ ಕುಡಿದು, ಆ ಹುಡುಗಿಯನ್ನು ಮರುದಿನ ಸಾಲಿಗೆ ಕಳಿಸುವಂತೆ ಮಾಡಿ ಬರುತ್ತಿದ್ದಳು. ಇದಕ್ಕೆ ಬಸವಣ್ಣನ ಹೆಸರು ಹೇಳುತ್ತಿರಲಿಲ್ಲ, ಸೇವೆ ಅನ್ನುತ್ತಿರಲಿಲ್ಲ. ‘ಯಾರರೆ ಹೋಗಬೇಕಲ್ಲ’ ಅನ್ನುತ್ತಿದ್ದಳು. ಒಂದೇ ಮನೆಯ ಮುಂದಿನ ಭಾಗದಲ್ಲಿದ್ದ ನಮ್ಮ ದೊಡ್ಡಪ್ಪನಿಗೆ ಮಾತ್ರ ಇದು ಕಣ್ಣಿಗೆ ಬಿದ್ದ ಕಸ. ‘ನಮ್ಮ ಮನ್ಯಾಗೊಬ್ಬಾಕಿ ಪುಢಾರಿ ತಯಾರಾಗ್ಯಾಳ’ ಎಂದು ಕಟ್ಟೆಯ ಮೇಲೆ ಕೂತವರಿಗೆ ಹೇಳುತ್ತಿದ್ದ. ಆಗೆಲ್ಲ ಅವ್ವ ನಗುತ್ತಿದ್ದಳು. ‘ಪುಢಾರಿ ಚಹಾ ಮಾಡ್ಯಾಳ, ಕುಡೀರಿ ಭಾವಾರ’ ಎಂದು ಕಪ್ಪು ಮುಂದಿಡುತ್ತಿದ್ದಳು. ಹೌದು, ಒಂದು ಕಾಲದಲ್ಲಿ ಆ ಮಾತಿಗೆ ಅವಳೇ ನಗುತ್ತಿದ್ದಳು.

ನಾನು ಹೈಸ್ಕೂಲಿನಲ್ಲಿದ್ದಾಗ ಪಕ್ಕದ ಮನೆಯ ಸೊಸೆಗೆ ಹೆರಿಗೆ ನೋವು ಬಂತು. ಅವಳೂ ಅವ್ವನೂ ಒಂದೇ ವರ್ಷ ಆ ಓಣಿಗೆ ಮದುವೆಯಾಗಿ ಬಂದವರು, ಹಿಟ್ಟಿನ ಗಿರಣಿಗೆ ಹೋದರೂ ಕೂಡಿ ಹೋಗುವವರು. ನೋವು ಬಂದು ಹೊತ್ತು ಕಳೆದರೂ ಕೂಸು ಬರಲಿಲ್ಲ. ಮನೆಯ ಹಿರಿಯರು ಸೂಲಗಿತ್ತಿಯೇ ಸಾಕು, ತಡೆಯೋಣ ಅಂದರು. ಅವ್ವ ತಡೆಯಲಿಲ್ಲ. ತಾನೇ ಹೋಗಿ ಒಂದು ಟ್ರ್ಯಾಕ್ಸ್ ಗಾಡಿ ಕರೆತಂದು, ಗೆಳತಿಯನ್ನು ಹಿಂದೆ ಮಲಗಿಸಿ, ಅವಳ ಅತ್ತೆಯನ್ನು ಜೊತೆಗೆ ಕೂರಿಸಿ, ತಾನು ಡ್ರೈವರನ ಪಕ್ಕ ಕೂತಳು. ಹುನಗುಂದದ ದವಾಖಾನೆಯಲ್ಲಿ ಬಾಗಲಕೋಟೆಗೆ ಒಯ್ಯಿರಿ ಅಂದರು. ಒಯ್ದಳು. ಬಾಗಲಕೋಟೆ ಮುಟ್ಟುವಷ್ಟರಲ್ಲಿ ಆ ಹೆಂಗಸು ಇರಲಿಲ್ಲ, ಹೊಟ್ಟೆಯೊಳಗಿನ ಕೂಸೂ ಇರಲಿಲ್ಲ. ಅದೇ ಟ್ರ್ಯಾಕ್ಸ್ ಮಧ್ಯಾಹ್ನದ ಬಿಸಿಲಿನಲ್ಲಿ ಓಣಿಗೆ ಹಿಂದಿರುಗಿತು.

ಅವ್ವ ಮುಂದಿನ ಬಾಗಿಲಿನಿಂದ ಇಳಿದಳು. ಹಿಂದಿನ ಬಾಗಿಲು ತೆಗೆಯಲು ಗಂಡಸರು ಬಂದರು. ದೊಡ್ಡಪ್ಪ ಕಟ್ಟೆಯ ಮೇಲಿಂದ ಏಳಲೂ ಇಲ್ಲ. ‘ಪುಢಾರಿ ಮುಂದ ಕುಂತು ಬಂದ್ಲು, ಹೆಣಾ ಹಿಂದ ಮಲಗಿ ಬಂತು’ ಅಂದ. ದೊಡ್ಡ ದನಿಯಲ್ಲೇನೂ ಅನ್ನಲಿಲ್ಲ. ಆದರೆ ಆ ಹೊತ್ತಿಗೆ ಓಣಿಯ ಮಗ್ಗಗಳೆಲ್ಲ ನಿಂತಿದ್ದವು, ಎಲ್ಲರಿಗೂ ಕೇಳಿಸಿತು.

ಆ ಮನುಷ್ಯ ಸತ್ತು ಬಹಳ ವರ್ಷಗಳಾದವು. ಅವನ ಮೇಲಿನ ನನ್ನ ಸಿಟ್ಟು ಸತ್ತಿಲ್ಲ, ಸಾಯಬೇಕೆಂದು ನಾನು ಬಯಸಿಯೂ ಇಲ್ಲ. ಅವ್ವ ಪುರಸಭೆಗೆ ಹೋಗುವುದನ್ನು ನಿಲ್ಲಿಸಲಿಲ್ಲ, ಸಾಲಿಯ ಹುಡುಗಿಯರನ್ನು ಬಿಡಲಿಲ್ಲ. ದವಾಖಾನೆಗೆ ಮಾತ್ರ ಯಾರನ್ನೂ ಕರೆದುಕೊಂಡು ಹೋಗಲಿಲ್ಲ. ಯಾರಾದರೂ ಕೇಳಿದರೆ ‘ನನಗ ಬಸ್ಸಿನ್ಯಾಗ ತಲಿ ತಿರಗತೈತಿ’ ಅನ್ನುತ್ತಿದ್ದಳು. ಅವಳಿಗೆ ಬಸ್ಸಿನಲ್ಲಿ ತಲೆ ತಿರುಗಿದ್ದನ್ನು ನಾನು ನೋಡಿಲ್ಲ.

ಈಗ ನಾಲ್ಕೈದು ವರ್ಷಗಳ ಹಿಂದಿನ ಮಾತು. ಇಳಕಲ್ಲಿನ ನಮ್ಮ ಎದುರು ಮನೆಗೆ ರಾಮಥಾಳದ ಕಡೆಯ ಗಂಡ ಹೆಂಡತಿ ಬಾಡಿಗೆಗೆ ಬಂದಿದ್ದರು. ಬೀರಪ್ಪನ ಒಕ್ಕಲಿನವರು. ಗಂಡ ಕುರಿ ಸಾಗಿಸುವ ಲಾರಿ ಓಡಿಸುತ್ತಿದ್ದ, ಮನೆಯಲ್ಲಿರುವುದಕ್ಕಿಂತ ರಸ್ತೆಯ ಮೇಲಿರುವುದೇ ಹೆಚ್ಚು. ಹೆಂಡತಿ ಇನ್ನೂ ಚಿಕ್ಕವಳು, ಮಾತು ಕಡಿಮೆ. ಅವರಿಗೆ ಒಬ್ಬಳೇ ಮಗಳು, ಮೂರು ವರ್ಷದ ಕೂಸು. ನಾಲ್ಕು ಹೆಜ್ಜೆ ಓಡಿದರೆ ಕುಕ್ಕರಗಾಲಲ್ಲಿ ಕೂತುಬಿಡುತ್ತಿತ್ತು, ತುಟಿ ನೇರಳೆ ಹಣ್ಣು ತಿಂದವರ ಹಾಗೆ ಕಪ್ಪಾಗುತ್ತಿತ್ತು. ಗುಂಡಿಗೆಯಲ್ಲಿ ತೂತಿದೆ, ತಡಮಾಡಿದರೆ ಉಳಿಯುವುದಿಲ್ಲ, ಬಾಗಲಕೋಟೆಯಲ್ಲಿ ಆಪರೇಷನ್ ಮಾಡಿಸಿ ಎಂದು ಡಾಕ್ಟರು ಹೇಳಿದ್ದರು. ಆ ತಾಯಿ ಅವ್ವನ ಬಳಿ ಬಂದು, ‘ಅತ್ತೀ, ನೀವು ಬಂದ್ರ ನಾ ಹೋಗ್ತೇನಿ’ ಅಂದಳು.

ಅವ್ವ ಬಸ್ಸು, ತಲೆ ತಿರುಗುವುದು ಎಂದೆಲ್ಲ ಶುರುಮಾಡಿದಳಂತೆ. ಆ ಹುಡುಗಿ ಎದ್ದು ಹೋಗಲಿಲ್ಲ, ಹೊಸ್ತಿಲ ಮೇಲೆ ಕೂಸನ್ನು ತೊಡೆಯಲ್ಲಿಟ್ಟುಕೊಂಡು ಕೂತೇ ಇದ್ದಳಂತೆ. ಕೊನೆಗೆ ಅವ್ವ ನನಗೆ ಫೋನ್ ಮಾಡಿದಳು. ‘ನಾ ಕರಕೊಂಡ ಬರಾಕತ್ತಿಲ್ಲಬೇ. ಆಕಿ ಹೊಂಟಾಳ, ನಾ ನಿನ್ನ ಮನಿಗೆ ಹೊಂಟೇನಿ. ಇಬ್ಬರೂ ಒಂದ ಬಸ್ಸಿಗೆ ಬರತೇವಿ, ಅಷ್ಟ.’ ಆಗಲಿ ಅಂದೆ. ಬಸ್ಸಿನಲ್ಲಿ ಅವ್ವ ಬೇಕೆಂದೇ ಹಿಂದಿನ ಸೀಟಿನಲ್ಲಿ ಕೂತು ಬಂದಿದ್ದಳೆಂದು ಆಮೇಲೆ ಗೊತ್ತಾಯಿತು.

ದವಾಖಾನೆ ನವನಗರದಲ್ಲೇ, ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರ. ಕೂಸನ್ನು ಮಕ್ಕಳ ವಾರ್ಡಿನಲ್ಲಿ ಸೇರಿಸಿಕೊಂಡರು. ಹೊರಗಿನ ದೊಡ್ಡ ಡಾಕ್ಟರು ಗುರುವಾರ ಬರುತ್ತಾರೆ, ಅಷ್ಟರೊಳಗೆ ಪರೀಕ್ಷೆಗಳೆಲ್ಲ ಮುಗಿಯಬೇಕು ಅಂದರು. ಅವ್ವ ಮೊದಲ ದಿನ ನನ್ನ ಮನೆಯಲ್ಲಿ ಮಲಗಿದಳು. ಎರಡನೆಯ ದಿನ ಬುತ್ತಿ ಕೊಟ್ಟು ಬರುತ್ತೇನೆಂದು ಹೋದವಳು ತಿರುಗಿ ಬರಲಿಲ್ಲ.

ನಾನು ಕಾಲೇಜು ಮುಗಿಸಿ ಹೋಗಿ ನೋಡಿದರೆ ವಾರ್ಡು ಅವ್ವನ ಕೈಗೆ ಬಂದುಬಿಟ್ಟಿತ್ತು. ಬಿಸಿನೀರಿನ ನಳದ ಮುಂದೆ ದಿನಾ ಜಗಳವಂತೆ, ಈಗ ಸರತಿ ಹಚ್ಚಿದ್ದಳು. ಬಾದಾಮಿಯ ಒಬ್ಬ ಅಜ್ಜಿ ಮೊಮ್ಮಗನ ಹಾಸಿಗೆ ಬಿಟ್ಟು ಏಳಲಾರದೆ ಊಟವಿಲ್ಲದೆ ಕೂತಿದ್ದಳು, ಅವಳಿಗೆ ನನ್ನ ಮನೆಯ ರೊಟ್ಟಿ ಹೋಗಿತ್ತು. ತುಳಸಿಗೇರಿಯ ಒಬ್ಬಳು ಗುಳಿಗೆಗಳನ್ನು ಅದಲುಬದಲು ಮಾಡುತ್ತಿದ್ದಳೆಂದು ಬೆಳಗಿನವಕ್ಕೆ ಕೆಂಪು ದಾರ, ಸಂಜೆಯವಕ್ಕೆ ಹಸಿರು ದಾರ ಕಟ್ಟಿಕೊಟ್ಟಿದ್ದಳು. ‘ಬಸ್ಸಿನ್ಯಾಗ ತಲಿ ತಿರುಗೂದು ನಿಂತಿತೇನಬೇ?’ ಎಂದು ಕೇಳಿದೆ. ‘ನೀ ಸುಮ್ಮ ಕುಂದರ್ತಿಯೋ ಇಲ್ಲೋ’ ಅಂದಳು, ಆದರೆ ಮುಖ ಅರಳಿತ್ತು. ಅವಳನ್ನು ಹಾಗೆ ನೋಡಿ ಎಷ್ಟೋ ವರ್ಷಗಳಾಗಿದ್ದವು. ನನಗೆ ಖುಷಿಯಾಯಿತು.

ವಾರ್ಡಿನ ಸಿಸ್ಟರು ಸೊಲ್ಲಾಪುರದ ಕಡೆಯವರು. ವಯಸ್ಸಾದ ಹೆಂಗಸು, ಕನ್ನಡ ಮಾತಾಡುತ್ತಿದ್ದರು, ನಡುನಡುವೆ ಮರಾಠಿ ನುಸುಳುತ್ತಿತ್ತು. ಬುಧವಾರ ಬೆಳಿಗ್ಗೆ ಡಾಕ್ಟರು ಆಪರೇಷನ್ನಿನ ವಿಷಯ ಹೇಳಲು ವಾರ್ಡಿಗೆ ಬಂದರು. ಸಿಸ್ಟರು ಬಾಗಿಲಲ್ಲಿ ನಿಂತು ಕೂಗಿದರು: ‘ಪುಢಾರಿಬಾಯಿ ಎಲ್ಲ್ಯದಾರ? ಡಾಕ್ಟರ್ ಬಂದಾರ, ಪುಢಾರಿಬಾಯಿನ್ನ ಕರೀರಿ.’

ಬಾದಾಮಿಯ ಅಜ್ಜಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಮತ್ತಿಬ್ಬರು ನಕ್ಕರು. ಅವ್ವ ಬಿಸಿನೀರಿನ ಚರಿಗೆ ಹಿಡಿದು ನಿಂತಿದ್ದಳು. ಚರಿಗೆಯನ್ನು ಕೆಳಗಿಟ್ಟಳು. ನಾನು ಅಂದು ರಜೆ ಹಾಕಿ ಅಲ್ಲೇ ಇದ್ದೆ. ಅವ್ವ ಎದುರು ಮನೆಯ ಹುಡುಗಿಯ ಕಡೆ ಒಮ್ಮೆ ನೋಡಿದಳು. ಇಳಕಲ್ಲಿನ ಆ ಹಳೆಯ ಮಾತನ್ನು ಈಕೆಯೇ ಇಲ್ಲಿ ಯಾರಿಗೋ ಹೇಳಿರಬೇಕು ಎಂದುಕೊಂಡಳೆಂದು ಕಾಣುತ್ತದೆ. ಆ ಹುಡುಗಿಗೆ ಪಾಪ, ಆ ಕತೆಯೇ ಗೊತ್ತಿರಲಿಲ್ಲ.

ಡಾಕ್ಟರು ಹೇಳುವುದನ್ನು ಹೇಳಿದರು. ನಾಳೆ ಮಾಡಬಹುದು. ಕೂಸು ಉಳಿಯುವ ಭರವಸೆ ಹೆಚ್ಚು, ಆದರೆ ಅಪಾಯ ಇಲ್ಲವೆಂದು ಯಾರೂ ಹೇಳಲಾರರು. ಮಾಡಿಸದಿದ್ದರೆ ಬಹಳ ದಿನ ಇಲ್ಲ. ಸಂಜೆಯೊಳಗೆ ಒಪ್ಪಿಗೆ ಕೊಡಿ, ಇಲ್ಲದಿದ್ದರೆ ಆ ಜಾಗ ಬೇರೆ ಮಗುವಿಗೆ ಹೋಗುತ್ತದೆ. ‘ಏನಂತೀರಿ?’ ಎಂದು ತಾಯಿಯನ್ನು ಕೇಳಿದರು. ಅವಳು ಅವ್ವನ ಕಡೆ ತಿರುಗಿ, ‘ಅತ್ತಿ ಏನಂತಾರ ಹಂಗ’ ಅಂದಳು. ಅವ್ವ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದಳು. ‘ನಾ ಯಾರ? ನನಗೇನ ಸಂಬಂಧ?’ ಅಂದು ಹೊರಗೆ ನಡೆದುಬಿಟ್ಟಳು.

ಆ ಹುಡುಗಿ ಗಂಡನಿಗೆ ಫೋನ್ ಹಚ್ಚಿದಳು. ಅವನು ಕುರಿ ತುಂಬಿಕೊಂಡು ಹೈದರಾಬಾದಿನ ದಾರಿಯಲ್ಲಿದ್ದ. ‘ಅತ್ತಿ ಹೇಳಿದಂಗ ಮಾಡು’ ಅಂದ. ನನಗೆ ಸಿಟ್ಟು ನೆತ್ತಿಗೇರಿತು. ತಂದೆಯಾದವನು ಅವ್ವನ ಹಿಂದೆ ನಿಂತ, ತಾಯಿಯಾದವಳು ಅವ್ವನ ಹಿಂದೆ ನಿಂತಳು. ನಾಳೆ ಏನಾದರೂ ಆದರೆ ಇದೇ ಜನ ಅವ್ವನ ಕಡೆ ಬೆರಳು ತೋರಿಸುತ್ತಾರೆ. ಪುಢಾರಿಗಳನ್ನು ಯಾರೂ ಹೆರುವುದಿಲ್ಲ, ಹಿಂದೆ ನಿಲ್ಲಬೇಕೆನ್ನುವವರು ಕೂಡಿ ಒಬ್ಬರನ್ನು ಮುಂದೆ ನೂಕುತ್ತಾರೆ ಎಂದು ಆಗ ನನಗೆ ಅನ್ನಿಸಿತು. ಈಗಲೂ ಹಾಗೇ ಅನ್ನಿಸುತ್ತದೆ.

ಸಿಸ್ಟರಿಗೆ ಏನಾಯಿತೆಂದೇ ತಿಳಿದಿರಲಿಲ್ಲ. ನಾನು ಅವರನ್ನು ಪಕ್ಕಕ್ಕೆ ಕರೆದು, ನಮ್ಮ ಕಡೆ ಅದು ಬೈಗುಳ ಎಂದಷ್ಟೇ ಹೇಳಿದೆ. ಅವರು ಕೆನ್ನೆಗೆ ಕೈ ಹಚ್ಚಿಕೊಂಡರು. ‘ಪುಢಾರಿ ಅಂದ್ರ ಕೆಟ್ಟ ಶಬ್ದ ಏನ್ರಿ ನಿಮ್ಮ ಕಡೆ? ನಾ ಮಾನದಿಂದ ಅಂದೀನ್ರಿ. ಅಷ್ಟು ಮಂದೀನ ಸಂಭಾಳಿಸ್ಯಾರ, ಅದಕ್ಕ ಅಂದೆ.’ ನನ್ನ ಜೊತೆ ಬನ್ನಿ ಎಂದು ಅವರನ್ನು ಕರೆದುಕೊಂಡು ಹೊರಗೆ ಬಂದೆ. ಅವ್ವ ಹಿಂದಿನ ಮೆಟ್ಟಿಲ ಮೇಲೆ ಬೇವಿನ ಗಿಡದ ನೆರಳಿನಲ್ಲಿ ಕೂತಿದ್ದಳು. ಪಕ್ಕದಲ್ಲಿ ಕೈಚೀಲ. ಊರಿಗೆ ಹೊರಟವಳ ಹಾಗೆ ಸೆರಗು ಸಿಗಿಸಿಕೊಂಡಿದ್ದಳು.

ಸಿಸ್ಟರು ಅವಳ ಮುಂದೆ ಬಗ್ಗಿ ಕೈ ಹಿಡಿದುಕೊಂಡರು. ‘ಬಾಯಿ, ತಪ್ಪು ತಿಳ್ಕೋಬ್ಯಾಡ್ರಿ. ಪುಢೆ ಅಂದ್ರ ಮುಂದ. ಎಲ್ಲಾರಿಗಿಂತ ಮುಂದ ನಡ್ಯಾಕಿ ಅಂತ ಅರ್ಥ. ನಮ್ಮಪ್ಪನ್ನೂ ಊರಾಗ ಪುಢಾರಿ ಅಂತಿದ್ರು, ನಮಗ ಅಭಿಮಾನ.’ ಅವ್ವ ತಲೆಯಾಡಿಸಿದಳು. ‘ನಿಮ್ಮ ತಪ್ಪೇನೂ ಇಲ್ಲ ಬಿಡ್ರಿ ಸಿಸ್ಟರ’ ಅಂದಳು. ಒಳಗೆ ಯಾರೋ ಕರೆದರು, ಅವರು ಹೋದರು.

ನಾನು ಮೆಟ್ಟಿಲ ಮೇಲೆ ಕೂತು ನನ್ನ ಪಾಠ ಶುರುಮಾಡಿದೆ. ಶಬ್ದ ಎಲ್ಲಿಂದ ಬಂತು, ಅಲ್ಲಿ ಅದಕ್ಕೆ ಎಂಥ ಮಾನವಿದೆ, ನಮ್ಮಲ್ಲಿ ಹೇಗೆ ಕೆಟ್ಟಿತು, ದೊಡ್ಡಪ್ಪ ಬೈಯಲು ಹೋಗಿ ಗೊತ್ತಿಲ್ಲದೆ ಹೊಗಳಿಬಿಟ್ಟಿದ್ದ, ಹೀಗೆಲ್ಲ ಹೇಳಿದೆ. ಇಷ್ಟು ವರ್ಷಗಳ ಗಂಟು ಇಷ್ಟರಲ್ಲಿ ಬಿಚ್ಚಿಹೋಗುತ್ತದೆ ಎಂದು ನಾನು ಖರೆ ಖರೆ ನಂಬಿದ್ದೆ. ಅವ್ವ ಕೊನೆಯವರೆಗೂ ಕೇಳಿದಳು.

‘ಮುಂದ ಹೋಗಾಕಿ ಅಂತ ಅರ್ಥ ಐತಿ ಅಂತ ನೀ ಇವತ್ತ ಹೇಳಾಕತ್ತಿ’ ಅಂದಳು. ‘ನನಗ ಅದು ಆವತ್ತ ಗೊತ್ತಿತ್ತು. ಟ್ರ್ಯಾಕ್ಸಿನ್ಯಾಗ ನಾನ ಮುಂದ ಕುಂತಿದ್ನಲ್ಲಬೇ. ಜಲ್ದಿ ಹೊಡಿಯಪ್ಪಾ, ಜಲ್ದಿ ಹೊಡಿ, ಅಂತ ಡ್ರೈವರಗ ಒಂದ ಸವನ ಅನಕೋತ ಕುಂತಿದ್ದೆ. ಹಿಂದ ಆಕಿ ಉಸುರು ನಿಂತಿತ್ತು. ಕಮತಗಿ ದಾಟಿದಾಗ ನಿಂತಿತಂತ. ಆಕಿ ಅತ್ತಿಗೆ ಗೊತ್ತಾಗಿತ್ತು, ಅಂಜಿ ಹೇಳಲಿಲ್ಲ. ಬಾಗಲಕೋಟಿ ತನಕಾ ನಾ ಹೆಣದ ಮುಂದ ಕುಂತು ಜಲ್ದಿ ಜಲ್ದಿ ಅಂದೇನಿ. ನಿಮ್ಮ ದೊಡ್ಡಪ್ಪ ಸುಳ್ಳೇನ ಆಡಿದ್ದಿಲ್ಲ. ಶಬ್ದದ ಅರ್ಥ ತಗೊಂಡ ನಾ ಏನ ಮಾಡ್ಲಿ?’

ಇಷ್ಟು ವರ್ಷ ನಾವೆಲ್ಲ, ಅಪ್ಪನೂ ಸೇರಿ, ಅವಳಿಗೆ ಆ ಶಬ್ದ ಚುಚ್ಚುತ್ತದೆ ಎಂದುಕೊಂಡು ಅದನ್ನು ಅಡಗಿಸಿಟ್ಟಿದ್ದೆವು. ಕೆಮ್ಮುತ್ತ ಪೇಪರು ಓದಿದ್ದೆವು.

ಹಿಂದೆ ಹೆಜ್ಜೆ ಸಪ್ಪಳವಾಯಿತು. ಎದುರು ಮನೆಯ ಹುಡುಗಿ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಕೂಸಿನ ಹಣೆಯ ಮೇಲೆ ಬೀರಪ್ಪನ ಭಂಡಾರ ಹಚ್ಚಿದ್ದಳು, ಆ ಅರಿಶಿನ ಬೆವರಿನೊಂದಿಗೆ ಹುಬ್ಬಿನವರೆಗೆ ಇಳಿದಿತ್ತು. ಅವಳು ಬಂದು ಅವ್ವನ ಕೆಳಗಿನ ಮೆಟ್ಟಿಲ ಮೇಲೆ ಕೂತಳು.

‘ಅತ್ತೀ’ ಅಂದಳು, ‘ನೀವು ಮುಂದ ನಿಂದರಬ್ಯಾಡ್ರಿ. ನಾ ನಿಮಗ ಭಾಳ ತ್ರಾಸ ಕೊಟ್ಟೆ. ಕೂಸು ನಂದೈತಿ, ಹೂಂ ಅನ್ನಾಕಿ ನಾನ. ಹೆಚ್ಚುಕಮ್ಮಿ ಆದ್ರ ನನ್ನ ಹಣೀಬಾರ, ನಿಮ್ಮ ಕಡೆ ಬೊಟ್ಟು ಮಾಡಾಂಗಿಲ್ಲ. ಊರಿಗೆ ಮಾತ್ರ ಹೋಗಬ್ಯಾಡ್ರಿ. ನನ್ನ ಬಾಜೂಕ ಕುಂದರ್ರಿ.’

ಅಷ್ಟು ಉದ್ದದ ಮಾತನ್ನು ಅವಳ ಬಾಯಿಂದ ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಅವ್ವನೂ ಕೇಳಿರಲಿಕ್ಕಿಲ್ಲ. ಹುಡುಗಿ ಕೂಸನ್ನು ಅವ್ವನ ತೊಡೆಯ ಮೇಲಿಟ್ಟು ಒಳಗೆ ಹೋದಳು, ಡಾಕ್ಟರ ಎದುರು ನಿಂತು ಒಪ್ಪಿಗೆಯ ಸಹಿ ಮಾಡಿ ಬಂದಳು. ನಾನು ಜೊತೆಗೆ ಹೋಗಲು ಎದ್ದೆ, ಅವ್ವ ನನ್ನ ಸೀರೆ ಹಿಡಿದು ಕೂರಿಸಿದಳು. ‘ಹೋಗ್ಲಿ ಬಿಡು, ಆಕೀನ ಹೋಗ್ಲಿ’ ಅಂದಳು. ಕೈಚೀಲ ನನ್ನ ಕಡೆ ಸರಿಸಿ ಮನೆಗೆ ಒಯ್ಯಲು ಹೇಳಿದಳು.

ಗುರುವಾರ ಬೆಳಿಗ್ಗೆ ಕೂಸನ್ನು ಒಳಗೆ ತೆಗೆದುಕೊಂಡರು. ಆಪರೇಷನ್ ಕೋಣೆಯ ಹೊರಗಿನ ಬಾಕಿನ ಮೇಲೆ ಆ ಹುಡುಗಿ ಕೂತಳು, ಅವಳಿಗೆ ತಾಗಿಕೊಂಡು ಅವ್ವ ಕೂತಳು. ಅವ್ವ ಸರತಿ ಹಚ್ಚಲಿಲ್ಲ, ಯಾರಿಗೂ ಏನೂ ಹೇಳಿಕೊಡಲಿಲ್ಲ. ವಾರ್ಡಿನ ಹೆಂಗಸರು ಕೈಬಿಡುವಾದಾಗಲೆಲ್ಲ ಬಂದು ನಿಂತು ಹೋಗುತ್ತಿದ್ದರು. ಬಾದಾಮಿಯ ಅಜ್ಜಿ ಒಂದು ಸಲ ಚಹ ತಂದುಕೊಟ್ಟಳು. ಹೊತ್ತು ಸರಿಯಲಿಲ್ಲ. ನಾನು ಗೋಡೆಯ ಮೇಲಿನ ಲಸಿಕೆಯ ಪೋಸ್ಟರನ್ನು ಓದಿ, ಅದರಲ್ಲಿದ್ದ ಕಾಗುಣಿತದ ತಪ್ಪುಗಳನ್ನು ತಿದ್ದುತ್ತ ನಿಂತಿದ್ದೆ. ಅದು ನನ್ನ ಅಭ್ಯಾಸ.

ಮಧ್ಯಾಹ್ನ ಬಾಗಿಲು ತೆರೆಯಿತು. ಡಾಕ್ಟರು ಮುಖದ ಬಟ್ಟೆ ಇಳಿಸುತ್ತ, ಕೂಸಿನ ಕಡೆಯವರು ಯಾರು ಎಂದು ಕೇಳಿದರು. ಅಲ್ಲಿದ್ದ ಹೆಂಗಸರೆಲ್ಲ ಅವ್ವನ ಕಡೆ ನೋಡಿದರು. ಒಬ್ಬಳು ಬೆನ್ನಿಗೆ ಕೈ ಹಚ್ಚಿ ಮುಂದೆ ತಳ್ಳಿಯೂ ತಳ್ಳಿದಳು, ‘ಹೋಗಬೇ, ಕೇಳು.’ ಅವ್ವ ಅಲುಗಲಿಲ್ಲ. ‘ತಾಯಿ ಅದಾಳಲ್ಲ’ ಅಂದಳು. ಹುಡುಗಿ ಎದ್ದು ಹೋದಳು. ಡಾಕ್ಟರು ಅವಳಿಗೆ ಹೇಳಿದ್ದು ನಮಗೆ ಕೇಳಿಸಲಿಲ್ಲ. ಅವಳು ತಿರುಗಿ ನಮ್ಮ ಕಡೆ ಬಂದು, ‘ಉಳದಾಳಂತ್ರೀ ಅತ್ತಿ’ ಅಂದು ಅಲ್ಲೇ ನೆಲಕ್ಕೆ ಕೂತುಬಿಟ್ಟಳು. ನಾನು ಅತ್ತೆ. ಬಾದಾಮಿಯ ಅಜ್ಜಿಯೂ ಅತ್ತಳು. ಅವ್ವ ಅಳಲಿಲ್ಲ. ‘ನೀ ಕಣ್ಣಲೆ ನೋಡಿದ್ಯಾ?’ ಎಂದು ಕೇಳಿದಳು. ‘ಉಸುರಾಡೂದ ನೋಡಿದ್ಯಾ?’

ಇಲ್ಲ, ಡಾಕ್ಟರು ಹೇಳಿದರು ಅಂದಳು ಹುಡುಗಿ. ಅವ್ವ ಸಿಸ್ಟರನ್ನು ಹುಡುಕಿಕೊಂಡು ಹೋದಳು. ಕೂಸನ್ನು ಮಲಗಿಸಿದ್ದ ಕೋಣೆಯೊಳಗೆ ಬಿಡುವುದಿಲ್ಲ, ಹಾಸಿಗೆಯ ಕಾಲಿನ ಕಡೆಯ ಗೋಡೆಯಲ್ಲಿ ಒಂದು ಗಾಜಿನ ಕಿಟಕಿ ಇದೆ, ಅಲ್ಲಿಂದ ಬೇಕಾದರೆ ನೋಡಿ ಅಂದರು. ಮೊದಲು ತಾಯಿ ನೋಡಿ ಸರಿದಳು. ಆಮೇಲೆ ಅವ್ವ ಹಣೆಯನ್ನು ಗಾಜಿಗೆ ಹಚ್ಚಿ ನಿಂತಳು. ಒಳಗೆ ಕೂಸಿನ ಮೈತುಂಬ ಕೊಳವೆಗಳು. ಬಿಳಿ ಬಟ್ಟೆಯ ಕೆಳಗೆ ಎದೆ ಏರುತ್ತಿತ್ತು, ಇಳಿಯುತ್ತಿತ್ತು. ಹುಡುಗಿ ಮುಖ ತೊಳೆದು ಬಂದಳು, ಗಂಡನಿಗೆ ಫೋನ್ ಮಾಡಿದಳು, ನಾನು ಊಟಕ್ಕೆ ಕರೆದೆ. ಅವ್ವ ಅಲ್ಲಿಂದ ಕದಲಲಿಲ್ಲ.

ಸಿಸ್ಟರು ಬಂದು ಅವಳ ಭುಜ ಮುಟ್ಟಿದರು. ಮುಖ ನೋಡಿ ಗಾಬರಿಯಾದರು. ‘ಯಾಕ ಅಳ್ತೀರಿ ಬಾಯಿ? ಪೋರಿ ಛಲೋ ಅದಾಳ, ಉಸುರು ಬರೋಬ್ಬರಿ ಐತಿ.’

‘ಆವತ್ತ ನಾ ಒಮ್ಮೆರೆ ಹಿಂದ ಹೊಳ್ಳಿ ನೋಡಬೇಕಿತ್ತರಿ’ ಅಂದಳು ಅವ್ವ.

ಸಿಸ್ಟರು ಏನೂ ತಿಳಿಯದೆ ನನ್ನ ಮುಖ ನೋಡಿದರು. ನಾನು ಅದರ ಅರ್ಥ ಹೇಳಲು ಹೋಗಲಿಲ್ಲ.